ಪದಕ್ಕೊಂದು ಸಂಖ್ಯೆ: ಅಕ್ಷರಗಳ ಹುಡುಕಾಟದಲ್ಲಿ ಅವಿಭಾಜ್ಯಗಳು

ಸಿ, ಎ, ಟಿ – ಈ ಮೂರು ಅಕ್ಷರಗಳೂ ಇರುವ ಇಂಗ್ಲಿಷ್ ಪದಗಳನ್ನು ಹೇಳಿ ಎಂದರೆ ನೀವು ಮೊದಲು ಕ್ಯಾಟ್ ಎನ್ನುತ್ತೀರಿ. ಸ್ವಲ್ಪ ಯೋಚಿಸಿದರೆ ಆಕ್ಟ್, ಫ್ಯಾಕ್ಟ್ ಹೊಳೆಯುತ್ತವೆ. ಆದರೆ ಟೀಚ್ ಎಂಬ ಪದದಲ್ಲೂ ಈ ಮೂರೂ ಇವೆ ಎಂಬುದು ಥಟ್ಟನೆ ಕಾಣುವುದಿಲ್ಲ. ನಾವು ಪದವನ್ನು ಓದುವುದು ಅಕ್ಷರಗಳ ಕ್ರಮದಿಂದ ಮತ್ತು ಉಚ್ಚಾರಣೆಯಿಂದ. ಈ ಹುಡುಕಾಟಕ್ಕೆ ಬೇಡವಾದವು ಅವೆರಡೇ! ಹಾಗಾದರೆ ಸಾವಿರಾರು ಪದಗಳ ನಿಘಂಟಿನಲ್ಲಿ ಕಂಪ್ಯೂಟರ್ ಇಂಥ ಪದಗಳನ್ನು ಹೇಗೆ ಹುಡುಕಬಲ್ಲದು?

ಕೊಟ್ಟ ಅಕ್ಷರಗಳನ್ನು ಎಲ್ಲ ರೀತಿಯಲ್ಲೂ ಜೋಡಿಸಿ, ಪ್ರತಿಯೊಂದು ಜೋಡಣೆಯೂ ನಿಘಂಟಿನಲ್ಲಿದೆಯೇ ಎಂದು ನೋಡುವುದು ಒಂದು ದಾರಿ. ಮೂರು ಬೇರೆ ಬೇರೆ ಅಕ್ಷರಗಳಿಗೆ 6 ಜೋಡಣೆಗಳು, ಆರಕ್ಕೆ 720, ಹತ್ತಕ್ಕೆ 36,28,800. ಈ ದಾರಿ ಬೇಗನೆ ಮುಚ್ಚಿಹೋಗುತ್ತದೆ.

ಕ್ರಮವನ್ನು ಕಳಚುವುದು

ಇದಕ್ಕಿಂತ ಜಾಣತನದ ಉಪಾಯವೆಂದರೆ ಪ್ರತಿ ಪದದ ಅಕ್ಷರಗಳನ್ನೂ ಮೊದಲೇ ಅಕಾರಾದಿಯಾಗಿ ಬರೆದಿಡುವುದು. ಲಿಸನ್ ಮತ್ತು ಸೈಲೆಂಟ್ ಪದಗಳ ಇಂಗ್ಲಿಷ್ ಅಕ್ಷರಗಳನ್ನು ಹೀಗೆ ಬರೆದರೆ ಎರಡಕ್ಕೂ ಇ, ಐ, ಎಲ್, ಎನ್, ಎಸ್, ಟಿ ಎಂಬ ಒಂದೇ 'ಹೆಜ್ಜೆಗುರುತು' ಸಿಗುತ್ತದೆ. 720 ಪ್ರಯತ್ನಗಳ ಬದಲು ಒಂದೇ ಹೋಲಿಕೆ ಸಾಕು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತನಾದ ರಾಬರ್ಟ್ ಹುಕ್ ಇಂಥದೇ ಹೆಜ್ಜೆಗುರುತನ್ನು ಬೀಗದಂತೆ ಬಳಸಿದ್ದ. ಸ್ಪ್ರಿಂಗಿನ ನಿಯಮವನ್ನು ತಾನೇ ಮೊದಲು ಕಂಡುಕೊಂಡೆನೆಂಬುದಕ್ಕೆ ದಾಖಲೆ ಬೇಕು, ಆದರೆ ಗುಟ್ಟು ಬಯಲಾಗಬಾರದು. ಅದಕ್ಕಾಗಿ 1676ರಲ್ಲಿ ಅವನು ಆ ನಿಯಮದ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಅಕಾರಾದಿಯಾಗಿ ಮಾತ್ರ ಪ್ರಕಟಿಸಿದ. 'ಹಿಗ್ಗಿದಂತೆ ಬಲ' ಎಂಬ ಅರ್ಥದ ಆ ವಾಕ್ಯವನ್ನು ಬಿಡಿಸಿ ಹೇಳಿದ್ದು 1678ರಲ್ಲಿ. ಮರುಕಳಿಸುವ ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಆ 14 ಅಕ್ಷರಗಳ ಜೋಡಣೆಗಳು 60 ಕೋಟಿಗೂ ಹೆಚ್ಚು!

ಆದರೆ ನಮ್ಮ ಮೊದಲ ಪ್ರಶ್ನೆ ಸ್ವಲ್ಪ ಬೇರೆ. ಎಲ್ಲ ಅಕ್ಷರಗಳೂ ಅವೇ ಆಗಿರಬೇಕಿಲ್ಲ. ಕೊಟ್ಟ ಅಕ್ಷರಗಳು ಪದದ ಒಳಗೆ ಎಲ್ಲಾದರೂ ಇದ್ದರೆ ಸಾಕು. ಇಲ್ಲಿ ಹೆಜ್ಜೆಗುರುತುಗಳು ಒಂದೇ ಆಗಿರುವುದಿಲ್ಲ. ಈಗ ಗಣಿತದ ನೆರವು ಬೇಕು.

ಅವಿಭಾಜ್ಯಗಳ ನೆರವು

ಪ್ರತಿ ಅಕ್ಷರಕ್ಕೂ ಕ್ರಮವಾಗಿ ಒಂದೊಂದು ಅವಿಭಾಜ್ಯ ಸಂಖ್ಯೆಯನ್ನು ಕೊಡೋಣ: ಎ 2, ಬಿ 3, ಸಿ 5, ಡಿ 7, ಇ 11. ಹೀಗೆಯೇ ಮುಂದುವರಿದರೆ ಎಚ್‌ಗೆ 19, ಆರ್‌ಗೆ 61, ಟಿಗೆ 71, ಕೊನೆಯ ಜೆಡ್‌ಗೆ 101. ಪದದ ಅಕ್ಷರಗಳ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಬರುವುದೇ ಆ ಪದದ ಸಂಖ್ಯೆ. ಗುಣಾಕಾರದಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಆದ್ದರಿಂದ ಕ್ರಮ ತಾನಾಗಿಯೇ ಕಳಚಿಹೋಗುತ್ತದೆ.

ಕ್ಯಾಟ್ = 5 × 2 × 71 = 710
ಟೀಚ್ = 71 × 11 × 2 × 5 × 19 = 1,48,390

ಈಗ ಭಾಗಿಸಿ ನೋಡಿ. 1,48,390 ÷ 710 = 209; ಶೇಷವಿಲ್ಲ. ಅಂದರೆ ಸಿ, ಎ, ಟಿ ಮೂರೂ ಟೀಚ್‌ನಲ್ಲಿವೆ. ಅಷ್ಟೇ ಅಲ್ಲ, 209 = 11 × 19. ಉಳಿದ ಅಕ್ಷರಗಳು ಇ ಮತ್ತು ಎಚ್ ಎಂಬುದನ್ನು ಭಾಗಲಬ್ಧವೇ ಹೇಳುತ್ತದೆ. ಹೃದಯ ಎಂಬರ್ಥದ ಹಾರ್ಟ್ ಪದದ ಅಕ್ಷರಗಳು ಎಚ್, ಇ, ಎ, ಆರ್, ಟಿ. ಅದರ ಸಂಖ್ಯೆ 18,10,358. ಕೊನೆಯ ಅಂಕಿ 8 ಆದ್ದರಿಂದ 5ರಿಂದ ಭಾಗವಾಗದು. ಹಾಗಾಗಿ ಅದರಲ್ಲಿ ಸಿ ಇಲ್ಲ. ಎರಡು ಒ ಅಕ್ಷರಗಳಿರುವ ಪದ ಬೇಕೇ? ಒಗೆ 47; 47 × 47 = 2209ರಿಂದ ಭಾಗಿಸಿದರಾಯಿತು.

ಅವಿಭಾಜ್ಯಗಳೇ ಏಕೆ? ಎ 1, ಬಿ 2, ಸಿ 3 ಎಂದು ಕೊಟ್ಟರೆ ಎಫ್‌ಗೆ 6 ಬರುತ್ತದೆ. ಆದರೆ ಬಿ × ಸಿ ಕೂಡ 6. ಗೊಂದಲ! ಒಂದಕ್ಕಿಂತ ದೊಡ್ಡದಾದ ಪ್ರತಿ ಪೂರ್ಣಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಬಗೆಯಲ್ಲಿ ಬರೆಯಬಹುದು, ಅಪವರ್ತನಗಳ ಕ್ರಮ ಮಾತ್ರ ಬದಲಾಗಬಹುದು. ಹತ್ತನೆಯ ತರಗತಿಯಲ್ಲಿ ಬರುವ ಅಂಕಗಣಿತದ ಮೂಲಭೂತ ಪ್ರಮೇಯ ಇದೇ. 1801ರಲ್ಲಿ ಗೌಸ್ ಇದನ್ನು ಸ್ಪಷ್ಟವಾಗಿ ನಿರೂಪಿಸಿ ಸಾಧಿಸಿದ. 'ಅಪವರ್ತನ ಕಲಿತು ಏನು ಪ್ರಯೋಜನ?' ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲೊಂದು ಉತ್ತರವಿದೆ.

ವಿಧಾನದ ಮಿತಿ

ಗುಣಲಬ್ಧ ಬಹುಬೇಗ ಬೆಳೆಯುತ್ತದೆ. 14 ಅಕ್ಷರಗಳ ಕಾನ್‌ಸ್ಟಿಟ್ಯೂಷನಲ್ ಪದದ ಸಂಖ್ಯೆಗೆ 22 ಅಂಕಿಗಳು. 64 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆಗೆ 20 ಅಂಕಿಗಳು ಮಾತ್ರ. ಹೆಚ್ಚು ಬಳಕೆಯ ಇ, ಟಿ ಅಕ್ಷರಗಳಿಗೆ ಚಿಕ್ಕ ಅವಿಭಾಜ್ಯಗಳನ್ನು ಕೊಟ್ಟರೆ ಹೊರೆ ಇಳಿಯುತ್ತದೆ. ಮೋರ್ಸ್ ಸಂಕೇತದಲ್ಲೂ ಇಗೆ ಒಂದೇ ಚುಕ್ಕೆ, ಟಿಗೆ ಒಂದೇ ಗೆರೆ ಎಂಬುದನ್ನು ನೆನೆಯಿರಿ. ಅಕ್ಷರ ಎಷ್ಟು ಸಲ ಬಂದಿದೆ ಎಂಬುದು ಬೇಡವಾದರೆ 26 ಅಕ್ಷರಗಳಿಗೆ 26 ಬಿಟ್‌ಗಳು ಸಾಕು: ಅಕ್ಷರವಿದ್ದರೆ 1, ಇಲ್ಲದಿದ್ದರೆ 0. ಇದು ಇನ್ನೂ ವೇಗದ ವಿಧಾನ. ಆದರೆ ಒಂದು ಒ, ಎರಡು ಒಗಳ ವ್ಯತ್ಯಾಸ ಇದಕ್ಕೆ ತಿಳಿಯದು.

ತರಗತಿಯಲ್ಲಿ ಮಾಡಿ ನೋಡಿ

ಇದೇ ಆಟವನ್ನು ಕನ್ನಡದಲ್ಲೂ ಆಡಬಹುದೇ? ಮೊದಲು 'ಅಕ್ಷರ' ಯಾವುದೆಂದು ನಿರ್ಧರಿಸಬೇಕು. ನಿಜ ಮತ್ತು ಜಿನ ಪದಗಳನ್ನು ಬರೆದಂತೆಯೇ ನೋಡಿದರೆ ಅವುಗಳಲ್ಲಿ ಒಂದು ಅಕ್ಷರವೂ ಸಮಾನವಲ್ಲ. ವರ್ಣಗಳಾಗಿ ಬಿಡಿಸಿದರೆ ನ್, ಇ, ಜ್, ಅ ಎಂಬ ನಾಲ್ಕೇ ಎರಡರಲ್ಲೂ ಇವೆ! ಶಾಲಾ ವ್ಯಾಕರಣದ 49 ವರ್ಣಗಳಿಗೆ 2ರಿಂದ 227ರವರೆಗಿನ ಅವಿಭಾಜ್ಯಗಳು ಸರಿಯಾಗಿ ಸಾಕಾಗುತ್ತವೆ. ಪಟ್ಟಿ ತಯಾರಿಸಿ, ನಿಮ್ಮ ಹೆಸರಿನ ಸಂಖ್ಯೆಯನ್ನು ಕಂಡುಹಿಡಿಯಿರಿ. ಅದನ್ನು ಪಕ್ಕದವರಿಗೆ ಕೊಟ್ಟು, ಅಪವರ್ತಿಸಿ ಹೆಸರು ಹೇಳುವಂತೆ ಕೇಳಿರಿ. ವರ್ಣಗಳು ಅವರಿಗೆ ಖಂಡಿತ ಸಿಗುತ್ತವೆ. ಕ್ರಮವನ್ನು ಮಾತ್ರ ಅವರೇ ಊಹಿಸಬೇಕು.