ಮೊದಲು ಧೂಳು, ಆಮೇಲೆ ಮಾಸ್ಕ್: ಸುರಕ್ಷತೆಯ ಪಾಠಕ್ಕೊಂದು ಕ್ರಮ

ಸುರಕ್ಷತೆಯ ಪಾಠ ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ ಮುಗಿಯುತ್ತದೆ: ಹೆಲ್ಮೆಟ್ ಧರಿಸಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಹಳಿ ದಾಟಬೇಡಿ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಪಟ್ಟಿಯಲ್ಲಿಲ್ಲದ ಅಪಾಯ ಎದುರಾದಾಗ ಏನು ಮಾಡಬೇಕೆಂದು ಪಟ್ಟಿ ಹೇಳಿಕೊಡುವುದಿಲ್ಲ. ಬಂಗಾರಪೇಟೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಒಂಬತ್ತನೆಯ ತರಗತಿಗೆ ನಾನು ಪಟ್ಟಿಯ ಬದಲು ಮೂರು ಪ್ರಶ್ನೆಗಳನ್ನು ಕೊಟ್ಟೆ. ಅವುಗಳ ಕ್ರಮವೇ ಈ ಪಾಠದ ತಿರುಳು.

1. ಅಪಾಯವನ್ನು ಹುಟ್ಟುವ ಜಾಗದಲ್ಲೇ ಇಲ್ಲವಾಗಿಸಬಹುದೇ?
2. ಆಗದಿದ್ದರೆ, ಅಪಾಯಕ್ಕೂ ನಮಗೂ ನಡುವೆ ತಡೆ ಹಾಕಬಹುದೇ?
3. ಇವೆರಡರ ನಂತರವೂ ಉಳಿದ ಅಪಾಯಕ್ಕೆ ಮೈಮೇಲೆ ಏನು ಧರಿಸಬೇಕು?

ಕೈಗಾರಿಕಾ ಸುರಕ್ಷತೆಯಲ್ಲಿಯೂ ಇದೇ ಕ್ರಮವನ್ನು ಪಾಲಿಸುತ್ತಾರೆ. ಮೈಮೇಲೆ ಧರಿಸುವ ರಕ್ಷಣೆ ಅಲ್ಲಿ ಕೊನೆಯ ಮೆಟ್ಟಿಲು.

ಗಣಿ ಕಲಿಸಿದ ಪಾಠ

ಇದನ್ನು ವಿವರಿಸಲು ನಮ್ಮ ಭಾಗದಲ್ಲಿ ಕೆಜಿಎಫ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2001ರ ಫೆಬ್ರುವರಿ 28ರಂದು ಮುಚ್ಚಿದ ಈ ಗಣಿಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದವು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ. ಅದನ್ನು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತವೆ. ಸುಮಾರು 5 ಮೈಕ್ರಾನಿಗಿಂತ ಚಿಕ್ಕ ಕಣಗಳು ಕಣ್ಣಿಗೆ ಕಾಣದೆ ಶ್ವಾಸಕೋಶದ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆದು ಉಸಿರು ಕಟ್ಟುತ್ತಾ ಬರುತ್ತದೆ. ಇದೇ ಸಿಲಿಕೋಸಿಸ್. ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ಕ್ಷಯರೋಗ ತಗಲುವ ಸಂಭವವೂ ಹೆಚ್ಚುತ್ತದೆ.

ಇದಕ್ಕೆ ಗಣಿಗಾರಿಕೆ ಕಂಡುಕೊಂಡ ಮುಖ್ಯ ಪರಿಹಾರ ನೀರು. ಟೊಳ್ಳಾದ ಕೊರೆಸಲಾಕೆಯ ಒಳಗಿನಿಂದ ನೀರು ಹಾಯಿಸಿದರೆ ಧೂಳು ಗಾಳಿಗೆ ಏಳುವ ಮೊದಲೇ ಕೆಸರಾಗುತ್ತದೆ. ಇದು ಮೊದಲ ಪ್ರಶ್ನೆಗೆ ಉತ್ತರ. ಉಳಿದ ಧೂಳನ್ನು ಹೊರಗೊಯ್ಯುವ ಗಾಳಿ ವ್ಯವಸ್ಥೆ ಎರಡನೆಯದಕ್ಕೆ, ಮಾಸ್ಕ್ ಮೂರನೆಯದಕ್ಕೆ.

ತರಗತಿಯಲ್ಲಿ ಇದನ್ನು ತೋರಿಸಲು ಒಂದು ಡಸ್ಟರ್ ಸಾಕು. ಬಿಸಿಲುಕೋಲು ಬೀಳುವ ಕಿಟಕಿಯ ಬಳಿ, ಮಕ್ಕಳನ್ನು ದೂರ ನಿಲ್ಲಿಸಿ, ಒಣ ಡಸ್ಟರನ್ನು ಒಮ್ಮೆ ತಟ್ಟಿದೆ. ಬೆಳಕಿನಲ್ಲಿ ಕಣಗಳು ಬಹಳ ಹೊತ್ತು ತೇಲಿದವು. ಆಮೇಲೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಏನೂ ಏಳಲಿಲ್ಲ. ಸೀಮೆಸುಣ್ಣದಲ್ಲಿ ಗಣಿಧೂಳಿನಂಥ ಸಿಲಿಕಾ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಮಕ್ಕಳು ಹಲಗೆಗೆ ಹೆದರುತ್ತಾರೆ.

ಇಂದಿನ ಮನೆಗಳಲ್ಲಿ

ಗಣಿ ಮುಚ್ಚಿದರೂ ಸಿಲಿಕಾ ನಮ್ಮನ್ನು ಬಿಟ್ಟಿಲ್ಲ. "ನಮ್ಮಪ್ಪ ಬೆಂಗಳೂರಲ್ಲಿ ಗ್ರಾನೈಟ್ ಕಟಿಂಗ್‌ಗೆ ಹೋಗ್ತಾರೆ ಮಿಸ್, ಮೂಗಿಗೆ ಟವೆಲ್ ಕಟ್ಕೊತಾರೆ" ಎಂದ ಒಬ್ಬ ಹುಡುಗ. ಗ್ರಾನೈಟಿನಲ್ಲಿಯೂ ಬೆಣಚು ಇದೆ; ಟವೆಲ್ಲಿನ ನೇಯ್ಗೆಯ ಸಂದುಗಳಲ್ಲಿ ಆ ಸಣ್ಣ ಕಣಗಳು ಸಲೀಸಾಗಿ ನುಸುಳುತ್ತವೆ. ಮೂರು ಪ್ರಶ್ನೆ ಕೇಳಿದಾಗ ತರಗತಿಯೇ ಉತ್ತರ ಹೇಳಿತು: ಕೊಯ್ಯುವಾಗ ನೀರು ಬಿಡಬೇಕು.

ಅಲ್ಲಿಗೆ ಪಾಠ ನಿಲ್ಲಿಸಬಾರದು. ನೀರೂ ಕರೆಂಟಿನ ಯಂತ್ರವೂ ಸೇರಿದರೆ ಶಾಕ್ ಎಂಬ ಹೊಸ ಅಪಾಯ ಹುಟ್ಟುತ್ತದೆ. ಆದ್ದರಿಂದ ಮತ್ತೆ ಅದೇ ಮೂರು ಪ್ರಶ್ನೆ ಕೇಳಬೇಕು. ನೀರು ಹಾಯಿಸಲೆಂದೇ ತಯಾರಾದ ಯಂತ್ರವನ್ನೇ ಬಳಸಬೇಕು. ಅದರ ಲೈನಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತವಾಗುವ ಆರ್‌ಸಿಸಿಬಿ ಇರಬೇಕು. ಎಂಸಿಬಿ ಇದ್ದರೆ ಸಾಕು ಎಂಬ ನಂಬಿಕೆ ಮನೆಗಳಲ್ಲಿ ಸಾಮಾನ್ಯ. ಅದು ಅತಿಭಾರ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ವೈರಿಂಗನ್ನು ಕಾಯುತ್ತದೆ; ಶಾಕ್ ಹೊಡೆಯುವ ಮನುಷ್ಯನನ್ನು ಕಾಯುವುದಿಲ್ಲ.

ಅಡುಗೆ ಅನಿಲಕ್ಕೂ ಇದೇ ಕ್ರಮ. ವಾಸನೆ ಬಂದರೆ ಒಲೆ ಆರಿಸಿ ಮೊದಲು ರೆಗ್ಯುಲೇಟರ್ ಮುಚ್ಚಬೇಕು. ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ; ಕಿಟಕಿಯ ಜತೆಗೆ ಬಾಗಿಲನ್ನೂ ತೆರೆಯಬೇಕು. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರಬಹುದು. ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ರಸ್ತೆ ಮತ್ತು ರೈಲು

ಹೆಲ್ಮೆಟ್ ಪೆಟ್ಟನ್ನು ತಗ್ಗಿಸುತ್ತದೆ, ಅಪಘಾತವನ್ನು ತಡೆಯುವುದಿಲ್ಲ. ಅದು ಕಡ್ಡಾಯ, ಆದರೂ ಮೂರನೆಯ ಉತ್ತರವೇ. ಮೊದಲ ಉತ್ತರ ವೇಗದಲ್ಲಿದೆ. ಗಂಟೆಗೆ 30 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ 8 ಮೀಟರ್‌ಗಿಂತ ತುಸು ಹೆಚ್ಚು ಸಾಗುತ್ತದೆ. 60ರಲ್ಲಿ ಸುಮಾರು 17 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒಂಬತ್ತನೆಯ ತರಗತಿಯ ಭೌತವಿಜ್ಞಾನಕ್ಕೆ ಇದಕ್ಕಿಂತ ಹತ್ತಿರದ ಲೆಕ್ಕ ಸಿಗದು.

ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಕುಟುಂಬಗಳ ಮಕ್ಕಳಿಗೆ ಓಡುವ ರೈಲು ಹತ್ತಬೇಡಿ ಎಂದರೆ ತಲೆಯಾಡಿಸುತ್ತಾರೆ. "ಓಡಿ ಹತ್ತುವ ಪ್ರಸಂಗ ಯಾಕೆ ಬರುತ್ತದೆ?" ಎಂದರೆ ಯೋಚಿಸುತ್ತಾರೆ. ಹತ್ತು ನಿಮಿಷ ಮೊದಲು ಮನೆ ಬಿಡುವುದು ಮೊದಲ ಉತ್ತರ, ಮೇಲ್ಸೇತುವೆ ಎರಡನೆಯದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಯೋಜಿಸುವವರು ಎರಡು ವಿಷಯ ಗಮನಿಸಬೇಕು. ಮೌಲ್ಯಮಾಪನಕ್ಕೆ ಪಾಠದಲ್ಲಿ ಬಾರದ ಅಪಾಯವನ್ನೇ ಕೊಡಿ: ಮುಚ್ಚಳವಿಲ್ಲದ ನೀರಿನ ಸಂಪು, ಕಬ್ಬಿನ ಹಾಲಿನ ಯಂತ್ರ. ಮೂರು ಉತ್ತರಗಳನ್ನೂ ಕ್ರಮವಾಗಿ ಬರೆಯಬಲ್ಲ ಮಗು ಕಲಿತಿದೆ ಎಂದು ತಿಳಿಯಬಹುದು. ಎರಡನೆಯದಾಗಿ, ತಂದೆಯ ಟವೆಲ್ಲನ್ನು ತರಗತಿಯಲ್ಲಿ ತಪ್ಪಿನ ಉದಾಹರಣೆ ಮಾಡಬೇಡಿ. ನೀರಿನ ಕಟರ್ ಒದಗಿಸುವುದು ಕೆಲಸ ಕೊಡುವವರ ಹೊಣೆ. ಕೂಲಿಯವರು ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡಿರುತ್ತಾರೆ. ಮೂಗಿಗೆ ಏನು ಕಟ್ಟಿಕೊಂಡೆ ಎಂದು ಕೇಳುವ ಮೊದಲು ಧೂಳು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಮಕ್ಕಳಲ್ಲಿ ಬೆಳೆದರೆ, ನಾಳೆ ಕೆಲಸಕ್ಕೆ ಸೇರಿದ ಕಡೆ ಅವರೂ ಅದನ್ನೇ ಕೇಳುತ್ತಾರೆ.