ಇಂಡಿಯ ಒಣ ಗಾಳಿ, ಶಿರಸಿಯ ಗಿಡ, ಒಂದು ಚಮಚ ನೀರು

ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಬೇಸಿಗೆಯ ಒಣ ಗಾಳಿ ಅಂದ್ರೆ ಬಂಗಾರ. ಶೆಡ್ಡಿನ ನೆರಳಲ್ಲಿ, ಬಲೆಯ ಮೇಲೆ ಹರವಿದ ಹಸಿ ದ್ರಾಕ್ಷಿ ಸುಮಾರು ಎರಡು ವಾರದಲ್ಲಿ ಒಣದ್ರಾಕ್ಷಿ ಆಗುವುದು ಆ ಗಾಳಿಯಿಂದಲೇ. ಅದೇ ಗಾಳಿಯಲ್ಲಿ ಒಂದು ಕ್ಯಾಲಥಿಯಾ ಕುಂಡ ಇಟ್ಟರೆ ಏನಾಗುತ್ತದೆ? ದ್ರಾಕ್ಷಿಗೆ ಆದದ್ದೇ ಎಲೆಗೂ ಆಗುತ್ತದೆ. ಮೊದಲು ಅಂಚು ಕಂದು, ಆಮೇಲೆ ಸುರುಳಿ, ಕೊನೆಗೆ ಹಪ್ಪಳ.

ನನ್ನ ಹೆಂಡತಿಯ ತವರು ಶಿರಸಿ. ಇಂಡಿಗೆ ಬರುವಾಗ ತವರಿನಿಂದ ಒಂದು ಆಂಥೂರಿಯಂ, ಎರಡು ಫರ್ನ್, ಒಂದು ಕ್ಯಾಲಥಿಯಾ ತಂದಳು. ಮಲೆನಾಡಿನಲ್ಲಿ ಜಗುಲಿಯ ಅಂಚಿಗೆ ಯಾರ ಹಂಗೂ ಇಲ್ಲದೆ ಬೆಳೆದಿದ್ದ ಗಿಡಗಳು. ಇಲ್ಲಿ ಮಾರ್ಚ್ ಬರುವಷ್ಟರಲ್ಲಿ ಒಂದೊಂದೇ ಎಲೆ ಸುರುಳಿ ಸುತ್ತತೊಡಗಿತು. ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ದಿನಾ ಬೆಳಗ್ಗೆ ಎಲೆ ಎಣಿಸುತ್ತಿದ್ದಳು, ಅಷ್ಟೆ.

ನಾನು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಮೀಟಿಂಗ್‌ಗಳ ನಡುವೆ ಹುಡುಕಿದರೆ ಎಲ್ಲ ಕಡೆ ಒಂದೇ ಸಲಹೆ: ಹ್ಯುಮಿಡಿಫೈಯರ್ ತಗೊಳ್ಳಿ. ಆದರೆ ಬೇಸಿಗೆಯಲ್ಲಿ ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಕೊಡ, ಬಕೆಟ್, ಬ್ಯಾರೆಲ್ ಎಲ್ಲ ತುಂಬಿಸುವವಳು ಅವ್ವ. ನನ್ನ ಲ್ಯಾಪ್‌ಟಾಪ್ ಪರದೆ ನೋಡಿ ಅವಳು ಕೇಳಿದ್ದು ಇಷ್ಟು:

"ಕುಡ್ಯಾಕ ನೀರಿಗಿ ಪಾಳಿ ಹಚ್ಚೀವಿ. ನೀ ಗಾಳಿಗಿ ನೀರು ಕುಡಸ್ತಿಯೇನೋ ತಮ್ಮಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅಷ್ಟಕ್ಕೂ ಗಾಳಿ ಎಷ್ಟು ನೀರು ಕುಡಿಯುತ್ತದೆ? ಲೆಕ್ಕ ಹಾಕಿದೆ.

ಗಾಳಿಯ ದಾಹದ ಲೆಕ್ಕ

ಗಾಳಿ ಬಿಸಿಯಾದಷ್ಟೂ ಅದು ಹಿಡಿದುಕೊಳ್ಳಬಲ್ಲ ತೇವ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿ ಹಿಡಿದೀತು. 40 ಡಿಗ್ರಿಯಲ್ಲಿ ಅದು ಸುಮಾರು 51 ಗ್ರಾಂ. ಗಾಳಿಯಲ್ಲಿ ಈಗ 14 ಗ್ರಾಂ ಇದೆ ಅಂದುಕೊಳ್ಳಿ. ಬೆಳಗಿನ 25 ಡಿಗ್ರಿಯಲ್ಲಿ ಮೀಟರ್ ಶೇ. 60 ತೋರಿಸುತ್ತದೆ. ಮಧ್ಯಾಹ್ನ 40 ಡಿಗ್ರಿ ಆದಾಗ, ಒಂದು ಹನಿ ನೀರೂ ಕಡಿಮೆ ಆಗದೆ, ಅದೇ ಮೀಟರ್ ಶೇ. 27ಕ್ಕೆ ಇಳಿಯುತ್ತದೆ. ಬೆಳಗ್ಗೆ ಗಾಳಿಗಿದ್ದ ಕೊರತೆ 9 ಗ್ರಾಂ, ಈಗ 37 ಗ್ರಾಂ. ನಾಲ್ಕು ಪಟ್ಟು ದಾಹ. ಆ ದಾಹವನ್ನು ಗಾಳಿ ತೀರಿಸಿಕೊಳ್ಳುವುದು ಎಲೆಯ ಸಣ್ಣ ರಂಧ್ರಗಳಿಂದ. ದಟ್ಟ ಕಾಡಿನ ನೆರಳಲ್ಲಿ, ತೇವದ ಗಾಳಿಯಲ್ಲಿ ಹುಟ್ಟಿದ ತೆಳು ಎಲೆಗೆ ಇದು ತಡೆಯುವಂಥದ್ದಲ್ಲ.

ಈಗ ಕೋಣೆ ನೋಡೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಒಟ್ಟು ಸುಮಾರು 34 ಘನ ಮೀಟರ್ ಗಾಳಿ. 30 ಡಿಗ್ರಿಯಲ್ಲಿ ಇದನ್ನು ಶೇ. 30ರಿಂದ 60ಕ್ಕೆ ಏರಿಸಲು 310 ಮಿಲಿ ನೀರು ಸಾಕು. ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಕಿಟಕಿ, ಬಾಗಿಲ ಸಂದಿಯಿಂದ ಕೋಣೆಯ ಗಾಳಿ ಬದಲಾಗುತ್ತಲೇ ಇರುತ್ತದೆ. ತಾಸಿಗೊಮ್ಮೆ ಪೂರ್ತಿ ಬದಲಾದರೂ ದಿನಕ್ಕೆ ಏಳು ಲೀಟರ್ ದಾಟಿತು. ಕಿಟಕಿ ತೆರೆದರೆ ಲೆಕ್ಕವೇ ಇಲ್ಲ. ಅವ್ವ ಹೇಳಿದ್ದೇ ನಿಜ.

ಇನ್ನು ನಮ್ಮ ಪಡಸಾಲೆಯ ಗಾಜಿನ ಶೋಕೇಸ್. 4 ಅಡಿ ಎತ್ತರ, 3 ಅಡಿ ಅಗಲ, 1 ಅಡಿ ಆಳ. ಅದರೊಳಗಿನ ಗಾಳಿಗೆ ಬೇಕಾದದ್ದು ಬರೀ 3 ಮಿಲಿ! ಒಂದು ಟೀ ಚಮಚವೂ ತುಂಬುವುದಿಲ್ಲ. ಅಷ್ಟನ್ನು ಕುಂಡದ ಹಸಿ ಮಣ್ಣು ಮತ್ತು ಎಲೆಗಳೇ ಕೊಡುತ್ತವೆ. ಅಂದರೆ ಒಣ ಊರಿನಲ್ಲಿ ಗಿಡಕ್ಕೆ ತೇವ ಕೊಡಲು ನೀರು ಹೆಚ್ಚು ಸುರಿಯಬೇಕಿಲ್ಲ, ಗಾಳಿಯನ್ನು ಚಿಕ್ಕದು ಮಾಡಬೇಕು.

ಇದು ಹೊಸ ಉಪಾಯವೇನಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶ ಸಾಕಲು ಮುಚ್ಚಿಟ್ಟ ಬಾಟಲಿಯ ಮಣ್ಣಿನಲ್ಲಿ ಫರ್ನ್ ಚಿಗುರಿದ್ದನ್ನು ಕಂಡ. ಹೊರಗಿನ ಹೊಗೆಗೆ ಬದುಕದ ಫರ್ನ್ ಒಳಗೆ ಬದುಕಿತ್ತು. ಆಮೇಲೆ ಅವನ ಹೆಸರಿನ ಗಾಜಿನ ಪೆಟ್ಟಿಗೆಗಳು ಹಡಗು ಹತ್ತಿದವು. ರಾಬರ್ಟ್ ಫಾರ್ಚೂನ್ ಚೀನಾದಿಂದ ಭಾರತಕ್ಕೆ ಚಹಾ ಸಸಿಗಳನ್ನು ತಂದದ್ದು ಇಂಥವೇ ಪೆಟ್ಟಿಗೆಗಳಲ್ಲಿ.

ಶೋಕೇಸ್ ಖಾಲಿ ಮಾಡಿ

ನಮ್ಮ ಕಡೆ ಬಹುತೇಕ ಮನೆಗಳಲ್ಲಿ ಶೋಕೇಸ್ ಇದ್ದೇ ಇರುತ್ತದೆ. ನಮ್ಮದರಲ್ಲಿ ಗೋಳಗುಮ್ಮಟದ ಪುಟ್ಟ ಮಾದರಿ, ನನ್ನ ಶಾಲೆಯ ಕಪ್ಪುಗಳು, ಇನ್ನೂ ಪ್ಯಾಕ್ ಬಿಚ್ಚದ ಟೀ ಸೆಟ್ ಇದ್ದವು. ಅವನ್ನು ಇಳಿಸಲು ಅವ್ವನನ್ನು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು. "ನೀರು ಬ್ಯಾಡ ಅಂದ್ರ ತಗೋ" ಎಂದು ಕೊನೆಗೆ ಅವಳೇ ಗಾಜು ಒರೆಸಿದಳು.

ನೀವೂ ಮಾಡುವುದಾದರೆ ಹೀಗೆ ಮಾಡಿ:

• ಒಳಗಿನ ಪ್ಲೈವುಡ್‌ಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಚ್ಚಿ. ಇಲ್ಲದಿದ್ದರೆ ತೇವಕ್ಕೆ ಉಬ್ಬುತ್ತದೆ. ಬಾಗಿಲ ಸಂದಿಗೆ ಫೋಮ್ ಟೇಪ್ ಸಾಕು.

• ಬಿಸಿಲು ನೇರ ಬೀಳುವ ಜಾಗದಲ್ಲಿ ಬೇಡವೇ ಬೇಡ. ಮುಚ್ಚಿದ ಗಾಜು ಬಿಸಿಲಲ್ಲಿ ಒಲೆಯಾಗುತ್ತದೆ. ಬೆಳಕಿಗೆ ಬಿಳಿ ಎಲ್‌ಇಡಿ ಟ್ಯೂಬ್ ಹಾಕಿ, ಟೈಮರ್‌ನಲ್ಲಿ ದಿನಕ್ಕೆ 12 ತಾಸು.

• ನಿಂತ ತೇವದಲ್ಲಿ ಬೂಸು ಹಿಡಿಯುತ್ತದೆ. ಹಳೆ ಕಂಪ್ಯೂಟರ್ ಫ್ಯಾನ್ ಒಂದನ್ನು ನಿಧಾನಕ್ಕೆ ತಿರುಗಲು ಬಿಡಿ. ದಿನಕ್ಕೊಮ್ಮೆ ಹತ್ತು ನಿಮಿಷ ಬಾಗಿಲು ತೆರೆಯಿರಿ. ಗಾಜಿನ ಮೇಲೆ ದಿನವಿಡೀ ಹನಿ ನಿಂತರೆ ತೇವ ಅತಿಯಾಯಿತು ಎಂದರ್ಥ. ಶೇ. 60ರಿಂದ 75 ಸಾಕು.

• ಒಳಗೆ ಒಂದು ಡಿಜಿಟಲ್ ಹೈಗ್ರೋಮೀಟರ್ ಇಡಿ. ಅದು ನಿಜ ಹೇಳುತ್ತದೋ ಇಲ್ಲವೋ ಪರೀಕ್ಷಿಸಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಕೆಸರಿನಂತೆ ಕಲಸಿ, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಶೇ. 75ರ ಹತ್ತಿರ ಇರಬೇಕು. ಹೆಚ್ಚುಕಮ್ಮಿ ಇದ್ದರೆ ಆ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಸ್ಪ್ರೇ, ಹರಳು, ಕೂಲರ್

ಎಲೆಗೆ ಸ್ಪ್ರೇ ಹೊಡೆದರೆ ಮೀಟರ್ ಏರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ತೆರೆದ ಕೋಣೆಯಲ್ಲಿ ಅದು ಸಮಾಧಾನ ನಮಗೆ, ಗಿಡಕ್ಕಲ್ಲ. ಹರಳು ತುಂಬಿದ ತಟ್ಟೆಯಲ್ಲಿ ನೀರಿಡುವುದೂ ಅಷ್ಟಕ್ಕಷ್ಟೆ. ಗಿಡಗಳನ್ನು ಒತ್ತೊತ್ತಾಗಿ ಇಡುವುದರಿಂದ ತುಸು ಲಾಭ ಇದೆ, ಖರ್ಚಂತೂ ಇಲ್ಲ.

ಏರ್ ಕೂಲರ್ ವಿಷಯ ಬೇರೆ. ಒಣ ಊರಿನಲ್ಲಿ ಅದು ಗಾಳಿ ತಂಪು ಮಾಡುತ್ತಲೇ ತೇವವನ್ನೂ ಸೇರಿಸುತ್ತದೆ. ಮನೆಮಂದಿಗಾಗಿ ಹೇಗೂ ಓಡುತ್ತಿದ್ದರೆ ಗಿಡವೂ ಅದೇ ಕೋಣೆಯಲ್ಲಿರಲಿ, ಆದರೆ ನೇರ ಗಾಳಿಗೆ ಬೇಡ. ಎಸಿ ತದ್ವಿರುದ್ಧ, ಇದ್ದ ತೇವವನ್ನೂ ಹಿಂಡಿ ಹೊರಗೆ ಹಾಕುತ್ತದೆ. ಹಾಗೆ ಪೈಪಿನಿಂದ ಹನಿಯುವ ನೀರಿನಲ್ಲಿ ಲವಣ ಇರುವುದಿಲ್ಲ. ಹಿಡಿದಿಟ್ಟು ಗಿಡಕ್ಕೆ ಹಾಕಿ.

ಅಂಚು ಕಂದಾಗಲು ಗಾಳಿಯೊಂದೇ ಕಾರಣವಲ್ಲ. ಗಡಸು ಬೋರ್ ನೀರಿನ ಲವಣ ಮಣ್ಣಿನಲ್ಲಿ ಕೂತರೂ ಹೀಗೇ ಆಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದ್ದರೆ ಅನುಮಾನ ಅದರ ಮೇಲಿರಲಿ. ಶೋಕೇಸ್ ಗಿಡಗಳಿಗೆ ಬೇಕಾಗುವ ನೀರೇ ಕಡಿಮೆ, ಹಾಗಾಗಿ ಮಳೆನೀರು ಅಥವಾ ಆರ್‌ಓ ನೀರು ಕೊಡುವುದು ಭಾರ ಅನಿಸುವುದಿಲ್ಲ. ಆದರೆ ಆರ್‌ಓ ಹೊರಚೆಲ್ಲುವ ನೀರು ಬೇಡ, ಅದರಲ್ಲಿ ಲವಣ ಇನ್ನೂ ಜಾಸ್ತಿ. ಅದು ನೆಲ ಒರೆಸಲು ಇರಲಿ.

ಎಲ್ಲ ಗಿಡಕ್ಕೂ ಗಾಜಿನ ಮನೆ ಬೇಕಿಲ್ಲ. ಜಿಐ ಟ್ಯಾಗ್ ಪಡೆದ ಇಂಡಿ ನಿಂಬೆ ಇದೇ ಗಾಳಿಯಲ್ಲಿ ಬೆಳೆಯುತ್ತದೆ, ಅದರದು ದಪ್ಪ ಮೇಣದ ಎಲೆ. ಮನೆಯೊಳಗೆ ಸ್ನೇಕ್ ಪ್ಲಾಂಟ್, ಝೀಝೀ, ಮನಿ ಪ್ಲಾಂಟ್ ಹೊರಗೇ ಆರಾಮಾಗಿರುತ್ತವೆ. ಶೋಕೇಸ್ ತೆಳು ಎಲೆಯವಕ್ಕೆ ಮೀಸಲಿರಲಿ.

ನಮ್ಮ ಎರಡು ಫರ್ನ್‌ಗಳಲ್ಲಿ ಒಂದು ಉಳಿಯಲಿಲ್ಲ. ಉಳಿದದ್ದು ಮೇ ತಿಂಗಳ ಬಿಸಿಲಿನಲ್ಲೇ ಹೊಸ ಸುಳಿ ಬಿಟ್ಟಿತು. ಆ ದಿನ ಹೆಂಡತಿ ಶಿರಸಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದಳು. ಈಗ ದಿನಾ ಮೀಟರ್ ಓದುವ ಕೆಲಸ ಅವ್ವನದು: "ಅರವತ್ತೆಂಟ ಐತಿ ನೋಡು." ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಅಷ್ಟು ತೋರಿಸಿದ ದಿನ ಶೋಕೇಸಿನ ಬಾಗಿಲು ಪೂರ್ತಿ ತೆರೆದಿಡುತ್ತೇವೆ. ನೀವೂ ಹಾಗೇ ಮಾಡಿ. ಬಾಗಿಲು ಮತ್ತೆ ಯಾವಾಗ ಮುಚ್ಚಬೇಕು ಎಂಬುದನ್ನು ಮೀಟರೇ ಹೇಳುತ್ತದೆ.