ತಿದ್ದುವ ಕೈಗೆ ಬೆಲೆ

ಪಾಠ ಹೇಳುವುದು ಒಂದು ಕಾಲಕ್ಕೆ ಊರಿಗೆ ಅಂಟಿಕೊಂಡ ವೃತ್ತಿಯಾಗಿತ್ತು. ಮೇಷ್ಟ್ರು ಇದ್ದಲ್ಲಿಗೆ ಮಕ್ಕಳು ಬರಬೇಕು, ಇಲ್ಲವೇ ಮಕ್ಕಳಿದ್ದಲ್ಲಿಗೆ ಮೇಷ್ಟ್ರು ಹೋಗಬೇಕು. ಈಗ ಶಿರಸಿಯ ಮನೆಯೊಂದರ ಹಿಂದಿನ ಕೋಣೆಯಲ್ಲಿ, ಮೊಬೈಲ್ ಫೋನನ್ನು ಪುಸ್ತಕದ ರಾಶಿಗೆ ಒರಗಿಸಿಟ್ಟು ರೆಕಾರ್ಡ್ ಮಾಡಿದ ಪಾಠವನ್ನು ಸಿಂಧನೂರಿನ ವಿದ್ಯಾರ್ಥಿ ಹಣ ಕೊಟ್ಟು ನೋಡಬಹುದು. ರವಿಕೆ ಹೊಲಿಯುವುದು, ಕಂಪ್ಯೂಟರಿನಲ್ಲಿ ಅಂಗಡಿ ಲೆಕ್ಕ ಬರೆಯುವುದು, ಸಂಗೀತದ ಸರಳೆ ವರಸೆ, ಸಿಇಟಿಯ ಗಣಿತ ಹೀಗೆ ಏನನ್ನಾದರೂ ಚೆನ್ನಾಗಿ ಬಲ್ಲವರು ಅದನ್ನೇ ಆನ್‌ಲೈನ್ ಕೋರ್ಸ್ ಮಾಡಿ ಮಾರಲು ಹೊರಟಿದ್ದಾರೆ. ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರಿಗೂ ಇದು ಆಸೆ ಹುಟ್ಟಿಸುವ ದಾರಿ.

ಆ ಆಸೆಯ ಹಿಂದಿನ ಲೆಕ್ಕ ಬಹಳ ಸರಳ. ಪಾಠವನ್ನು ಒಮ್ಮೆ ರೆಕಾರ್ಡ್ ಮಾಡಿದರಾಯಿತು, ಎರಡನೆಯ ಪ್ರತಿಗೆ ಖರ್ಚಿಲ್ಲ. 500 ರೂಪಾಯಿಯಂತೆ 1,000 ಮಂದಿ ಕೊಂಡರೆ 5 ಲಕ್ಷ! ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಸಾವಿರ ಮಂದಿ ಏಕೆ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಲೆಕ್ಕದಿಂದ ಹೊರಗೆ ಬಿಡಲಾಗಿದೆ. ಪ್ರತಿ ತೆಗೆಯಲು ಖರ್ಚಿಲ್ಲದ ವಸ್ತು ಯಾರ ಕೈಯಲ್ಲಿದ್ದರೂ ಹಾಗೆಯೇ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕೇಂದ್ರ ಸರ್ಕಾರ 2017ರಲ್ಲಿ ತೆರೆದ 'ಸ್ವಯಂ'ನಲ್ಲೂ ಕಲಿಯಲು ದುಡ್ಡಿಲ್ಲ, ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಯೂಟ್ಯೂಬ್‌ನಲ್ಲಂತೂ ಓಮ್‌ನ ನಿಯಮವನ್ನು ವಿವರಿಸುವವರನ್ನು ಎಣಿಸಿ ಮುಗಿಯುವುದಿಲ್ಲ. ಇಷ್ಟೆಲ್ಲ ಪುಕ್ಕಟೆಯಾಗಿ ಸಿಗುವಾಗ ಒಬ್ಬ ಬಿಎಸ್ಸಿ ಪದವೀಧರೆ ತನ್ನ ಪಾಠಕ್ಕೆ ಸಾವಿರ ರೂಪಾಯಿ ಕೇಳುವುದಾದರೆ, ಅವಳು ಮಾರುತ್ತಿರುವುದಾದರೂ ಏನನ್ನು?

ಇದಕ್ಕೆ ಉತ್ತರ ಇಂಟರ್‌ನೆಟ್‌ಗಿಂತ ಬಹಳ ಹಿಂದೆಯೇ ಸಿಕ್ಕಿದೆ. ಇಂಗ್ಲೆಂಡಿನಲ್ಲಿ 1840ರ ಜನವರಿಯಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಕಳುಹಿಸುವ ಏರ್ಪಾಡು ಜಾರಿಗೆ ಬಂದಿತು. ಬಾತ್ ಪಟ್ಟಣದಲ್ಲಿದ್ದ ಐಸಾಕ್ ಪಿಟ್‌ಮನ್ ಅದರ ಉಪಯೋಗವನ್ನು ಕೂಡಲೇ ಕಂಡುಕೊಂಡ. ಶೀಘ್ರಲಿಪಿ ಕಲಿತ ಹಿರಿಯರಿಗೆಲ್ಲ ಪರಿಚಿತವಾದ ಪಿಟ್‌ಮನ್ ಇವನೇ. ತನ್ನ ಲಿಪಿಯ ಸಾರವನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಒಂದು ಪೆನ್ನಿಗೆ ಮಾರಿದ. ಕಲಿಯುವವರು ಅಭ್ಯಾಸ ಬರೆದು ಅಂಚೆಗೆ ಹಾಕುವುದು, ತಪ್ಪುಗಳನ್ನು ತಿದ್ದಿದ ಹಾಳೆ ಅಂಚೆಯಲ್ಲೇ ಅವರಿಗೆ ಮರಳುವುದು, ಇದು ಪದ್ಧತಿ. ಹಾಳೆಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಿತ್ತು. ತಿದ್ದುವಿಕೆಯನ್ನು ನಕಲು ಮಾಡಿಕೊಳ್ಳಲು ಬರುತ್ತಿರಲಿಲ್ಲ, ಏಕೆಂದರೆ ಪ್ರತಿಯೊಬ್ಬನ ತಪ್ಪು ಅವನದೇ. ಮುಂದೆ ಇದೇ ಕ್ರಮ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. 'ಅಂಚೆ ತೆರಪಿನ ಶಿಕ್ಷಣ' ಎಂದು ಜನ ಕರೆಯುತ್ತಿದ್ದ ಆ ವ್ಯವಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ನೂರರಲ್ಲಿ ಮೂವರು

ನೋಡುವುದಷ್ಟೇ ಸಾಕಾಗಿದ್ದರೆ ಉಚಿತ ಪಾಠಗಳು ಬಂದ ಮೇಲೆ ಎಲ್ಲರೂ ಪಂಡಿತರಾಗಬೇಕಿತ್ತು. ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಕೂಡಿ 2012ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಶಾಲೆ ತೆರೆದವು. ಅದರ ಕೋರ್ಸುಗಳ ಅಂಕಿಅಂಶಗಳನ್ನು ಎಂಐಟಿಯ ಇಬ್ಬರು ಸಂಶೋಧಕರು 2019ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2017-18ರಲ್ಲಿ ಕೋರ್ಸಿಗೆ ಸೇರಿದವರಲ್ಲಿ ಅದನ್ನು ಮುಗಿಸಿದವರು ನೂರಕ್ಕೆ ಸುಮಾರು 3 ಮಂದಿ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನೂರಕ್ಕೆ 46. ಹಣ ಕಟ್ಟಿದ್ದರಿಂದಲೇ ಓದು ಮುಗಿಯಿತು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಮುಗಿಸಲೇಬೇಕೆಂಬ ಛಲವುಳ್ಳವರು ಹಣ ಕಟ್ಟಿರಲೂಬಹುದು. ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲ ಪ್ರಯೋಗಶಾಲೆಯ ಹೊರಗೂ ಬೆನ್ನು ಬಿಡುವುದಿಲ್ಲ. ಅದೇನೇ ಇರಲಿ, ಹಣ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆಯೇ ಕೈಬಿಟ್ಟರು ಎಂಬುದನ್ನು ಕೋರ್ಸ್ ಮಾರುವವರೂ ಕೊಳ್ಳುವವರೂ ಮರೆಯಬಾರದು.

ಮತ್ತೊಂದು ಪ್ರಯೋಗ ಇನ್ನೂ ಹೆಚ್ಚು ಉಪಯುಕ್ತ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು. ಒಂದು ತಂಡದ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಮತ್ತೊಂದು ತಂಡದವರು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದೆ: ನೂರಕ್ಕೆ 83 ಭಾಗ ನೆನಪಿತ್ತು, ಬರೆದವರಿಗೆ 71. ಒಂದು ವಾರ ಕಳೆದ ಮೇಲೆ ತಕ್ಕಡಿ ತಿರುಗಿತು. ಓದಿದವರಿಗೆ ಉಳಿದದ್ದು 40, ಬರೆದವರಿಗೆ 61. ವಿಡಿಯೊ ನೋಡಿ ಮುಗಿಸಿದ ಕೂಡಲೇ 'ಎಲ್ಲ ಅರ್ಥವಾಯಿತು' ಎನ್ನಿಸುವುದೂ ಪರೀಕ್ಷೆಯ ದಿನ ಏನೂ ನೆನಪಾಗದಿರುವುದೂ ಏಕೆಂದು ಇದರಿಂದ ಊಹಿಸಬಹುದು. ವಿದ್ಯಾರ್ಥಿ ಹಣ ಕೊಡಬೇಕಾದದ್ದು ನೋಡುವ ಪಾಠಕ್ಕಲ್ಲ, ನೋಡಿದ್ದನ್ನು ಬರೆಸಿ ತಿದ್ದುವ ವ್ಯವಸ್ಥೆಗೆ. ಸಣ್ಣ ಶಿಕ್ಷಕನೊಬ್ಬ ದೊಡ್ಡ ಕಂಪನಿಯೊಡನೆ ಸ್ಪರ್ಧಿಸಬಲ್ಲ ಜಾಗವೂ ಅದೇ.

ಕಟ್ಟುವುದು ಹೇಗೆ?

ಮೊದಲನೆಯದಾಗಿ ವಿಷಯ ಸಣ್ಣದಿರಬೇಕು. 'ಪಿಯುಸಿ ಭೌತಶಾಸ್ತ್ರ' ಎಂದರೆ ಸಮುದ್ರ. 'ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಚಲನೆಯ ಲೆಕ್ಕಗಳು' ಎಂದರೆ ಒಂದು ಕೆರೆ. ಅದರ ಆಳ ಅಗಲ ಒಬ್ಬರ ಅಳವಿಗೆ ಸಿಗುತ್ತದೆ. ಜವಕ್ಕೂ ವೇಗಕ್ಕೂ ಇರುವ ಭೇದವನ್ನು ಪ್ರೌಢಶಾಲೆಯಲ್ಲಿ ಚೆನ್ನಾಗಿ ಕಲಿತ ಹುಡುಗಿ ಕಾಲೇಜಿನಲ್ಲಿ 'ಸ್ಪೀಡ್', 'ವೆಲಾಸಿಟಿ' ಎಂಬ ಪದಗಳನ್ನು ಕೇಳಿ ತಬ್ಬಿಬ್ಬಾಗುತ್ತಾಳೆ. ವೇಗೋತ್ಕರ್ಷ ಅವಳಿಗೆ ಗೊತ್ತು, 'ಆಕ್ಸಲರೇಷನ್' ಗೊತ್ತಿಲ್ಲ. ಮಗಳಿಗೆ ವಿಜ್ಞಾನ ಹತ್ತುತ್ತಿಲ್ಲ ಎಂದು ತಂದೆ ತಾಯಿ ಗಾಬರಿಯಾಗುತ್ತಾರೆ. ಹತ್ತದಿರುವುದು ವಿಜ್ಞಾನವಲ್ಲ, ಭಾಷೆ. ದೆಹಲಿಯಲ್ಲೋ ಕೋಟಾದಲ್ಲೋ ಕುಳಿತು ಪಾಠ ಮಾಡುವವರಿಗೆ ಈ ತೊಡಕು ಕಾಣಿಸುವುದು ಕಷ್ಟ. ಅದೇ ದಾರಿ ನಡೆದು ಬಂದ ದಾವಣಗೆರೆಯ ಪದವೀಧರೆಗೆ ಅದು ಅಂಗೈ ಗೆರೆಯಷ್ಟು ಸ್ಪಷ್ಟ. ಹೀಗಾಗಿ ಆಕೆಯ ಬಳಿ ಮಾರಲು ಒಂದು ವಸ್ತುವಿದೆ ಎಂದಾಯಿತು.

ಎರಡನೆಯದು, ರೆಕಾರ್ಡಿಂಗ್‌ಗೆ ಅವಸರ ಬೇಡ. ಮೊದಲು ಏಳೆಂಟು ಮಕ್ಕಳಿಗೆ ನೇರವಾಗಿ ಕಲಿಸಿ ಅವರು ಕೇಳುವ ಪ್ರಶ್ನೆಗಳನ್ನೂ ಮಾಡುವ ತಪ್ಪುಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದೆ ಪಾಠಗಳ ಕ್ರಮವನ್ನು ಗೊತ್ತುಪಡಿಸುವುದು ಆ ನೋಟ್‌ಬುಕ್ಕೇ.

ರೆಕಾರ್ಡಿಂಗಿನಲ್ಲಿ ಚಿತ್ರಕ್ಕಿಂತ ಧ್ವನಿ ಮುಖ್ಯ. ಮಂಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಗೊಗ್ಗರು ಧ್ವನಿಯನ್ನು ಸಹಿಸುವುದಿಲ್ಲ. ಖಾಲಿ ಕೋಣೆಯ ಗೋಡೆಗಳು ಧ್ವನಿಯನ್ನು ಪ್ರತಿಫಲಿಸುವುದರಿಂದ ಮಾತು ಮಸುಕಾಗುತ್ತದೆ. ಗೋಡೆಗೆ ಒಂದು ರಗ್ಗನ್ನೋ ದಪ್ಪ ಹೊದಿಕೆಯನ್ನೋ ತೂಗುಹಾಕಿದರೆ ಅರ್ಧ ತೊಂದರೆ ಪರಿಹಾರವಾಗುತ್ತದೆ. ಫ್ಯಾನನ್ನು ನಿಲ್ಲಿಸಲೇಬೇಕು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದಿದ್ದರೆ ಸಾಕು. ಪಾಠ ಎಷ್ಟು ಉದ್ದವಿರಬೇಕು? ಎಡ್‌ಎಕ್ಸ್‌ನ 69 ಲಕ್ಷ ವೀಕ್ಷಣೆಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ಸಾಮಾನ್ಯವಾಗಿ ಜನ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ. ಲೆಕ್ಕವೊಂದನ್ನು ಬಿಡಿಸಿ ತೋರಿಸಲು ಎಂಟು ನಿಮಿಷ ಬೇಕಾಗಬಹುದು. ಮುಕ್ಕಾಲು ಗಂಟೆಯ ತರಗತಿಯನ್ನು ಹಾಗೆಯೇ ಎತ್ತಿ ವಿಡಿಯೊದಲ್ಲಿ ಇಡುವುದು ಮಾತ್ರ ಸಲ್ಲದು.

ಸೆಕೆಂಡಿಗೆ 1 ಮೆಗಾಬಿಟ್ ದರದ ವಿಡಿಯೊ ಎಂಟು ನಿಮಿಷಕ್ಕೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್ ಆಗುತ್ತದೆ. ಅಂಥ 36 ಪಾಠಗಳು ಎರಡು ಗಿಗಾಬೈಟನ್ನು ಸ್ವಲ್ಪ ಮೀರುತ್ತವೆ, ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಅಡಗುವಷ್ಟು. ಆದರೆ 40 ಮಂದಿ ಒಂದೇ ಹೊತ್ತಿಗೆ ನೋಡಲು ಕುಳಿತರೆ ಕಳುಹಿಸುವ ಕಡೆಯಿಂದ ಸೆಕೆಂಡಿಗೆ 40 ಮೆಗಾಬಿಟ್ ಹರಿಯಬೇಕು. ಆದ್ದರಿಂದ ಮನೆಯ ಕಂಪ್ಯೂಟರಿನಿಂದ ನೇರವಾಗಿ ಕಳುಹಿಸುವ ಗೋಜಿಗೆ ಹೋಗದೆ, ಬಾಡಿಗೆಗೆ ಸಿಗುವ ವಿಡಿಯೊ ಸೇವೆಗಳನ್ನೇ ಬಳಸುವುದು ಲೇಸು. ಉಡೆಮಿಯಂಥ ಕೋರ್ಸ್ ಮಾರುಕಟ್ಟೆಯಲ್ಲಿ ಇಡುವ ದಾರಿಯೂ ಇದೆ. ಟರ್ಕಿಯ ಹಳ್ಳಿಯೊಂದರ ಒಂದೇ ಕೋಣೆಯ ಶಾಲೆಯಲ್ಲಿ ಓದಿದ ಎರೆನ್ ಬಾಲಿ ಮತ್ತು ಆತನ ಗೆಳೆಯರು 2010ರಲ್ಲಿ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಗಿರಾಕಿಯನ್ನು ಮಾರುಕಟ್ಟೆಯೇ ಹುಡುಕಿ ಕೊಟ್ಟರೆ ಬಂದ ಹಣದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಈಗ ದುಡ್ಡಿನ ಲೆಕ್ಕ. ಮೂರು ತಿಂಗಳ ಕೋರ್ಸಿಗೆ 1,000 ರೂಪಾಯಿ ಶುಲ್ಕ, 40 ವಿದ್ಯಾರ್ಥಿಗಳು ಎಂದಿಟ್ಟುಕೊಳ್ಳೋಣ. ಬಂದದ್ದು 40,000. ಹಣ ವಸೂಲಿ ಮಾಡಿಕೊಡುವ ಸೇವೆಗೆ ನೂರಕ್ಕೆ 2ರಂತೆ 800, ಅದರ ಮೇಲಿನ ಜಿಎಸ್‌ಟಿ 144. ಉಳಿದದ್ದು 39,056. ಒಂದೊಂದು ಪಾಠದ ತಯಾರಿ, ರೆಕಾರ್ಡಿಂಗ್, ಕತ್ತರಿ ಪ್ರಯೋಗಕ್ಕೆ ಎರಡು ಗಂಟೆಯಂತೆ 36 ಪಾಠಕ್ಕೆ 72 ಗಂಟೆ. ವಾರಕ್ಕೊಂದು ಉತ್ತರಪತ್ರಿಕೆ, ಒಂದನ್ನು ತಿದ್ದಲು ಹತ್ತು ನಿಮಿಷ. 40 ಮಂದಿಗೆ 12 ವಾರಕ್ಕೆ 80 ಗಂಟೆ. ಒಟ್ಟು 152 ಗಂಟೆಯ ದುಡಿಮೆಗೆ ಗಂಟೆಗೆ ಸುಮಾರು 257 ರೂಪಾಯಿ ದಕ್ಕಿತು. ಎರಡನೆಯ ತಂಡಕ್ಕೆ ಪಾಠಗಳು ಸಿದ್ಧವಾಗಿರುವುದರಿಂದ ತಿದ್ದುವ 80 ಗಂಟೆ ಮಾತ್ರ, ಗಂಟೆಗೆ 488 ರೂಪಾಯಿ. 'ಒಮ್ಮೆ ಮಾಡಿ ನೂರು ಸಲ ಮಾರುವುದರ' ನಿಜವಾದ ಲಾಭ ಇಷ್ಟೇ. ಮೊಬೈಲ್, ವಿದ್ಯುತ್, ವಿಡಿಯೊ ಸೇವೆಯ ಬಾಡಿಗೆ ಇದರಲ್ಲೇ ಕಳೆಯಬೇಕು. ಐದು ಲಕ್ಷದ ಕನಸಿನ ಮುಂದೆ ಇದು ಸಣ್ಣ ಮೊತ್ತ, ಊರಲ್ಲೇ ಇದ್ದು ಗೌರವದಿಂದ ದುಡಿದ ಹಣವೆಂದು ನೋಡಿದರೆ ಸಣ್ಣದಲ್ಲ.

ಒಂದು ವೇಳೆ ವಿದ್ಯಾರ್ಥಿಗಳು 400 ಆದರೆ? ತಿದ್ದುವ ಕೆಲಸ 800 ಗಂಟೆ, ವಾರಕ್ಕೆ 66 ಗಂಟೆಗೂ ಮೇಲೆ! ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಆಗ ಎರಡೇ ದಾರಿ: ತಿದ್ದಲು ಬೇರೆಯವರನ್ನು ನೇಮಿಸಿಕೊಂಡು ಸಂಬಳ ಕೊಡುವುದು, ಇಲ್ಲವೇ ತಿದ್ದುವುದನ್ನೇ ಕೈಬಿಡುವುದು. ಎರಡನೆಯ ದಾರಿ ಬಹಳ ಸುಲಭ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳನ್ನು ಯಂತ್ರವೇ ತಿದ್ದುತ್ತದೆ. ಕೈಬರಹ ಓದುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ, ಅವು ತಿದ್ದಿದ್ದನ್ನು ಬಲ್ಲವರೊಬ್ಬರು ಮತ್ತೆ ನೋಡುವ ತನಕ ನಂಬಿಕೆಯಿಲ್ಲ.

ಎರಡು ಬಗೆಯ ಬೆಳವಣಿಗೆ

ದೊಡ್ಡದಾಗಿ ಬೆಳೆದವರೂ ಇದ್ದಾರೆ. ಪ್ರಯಾಗರಾಜ್‌ನ ಅಲಖ್ ಪಾಂಡೆ ಎಂಜಿನಿಯರಿಂಗ್ ಓದನ್ನು ನಡುವೆಯೇ ಬಿಟ್ಟು 2016ರಿಂದ ಯೂಟ್ಯೂಬ್‌ನಲ್ಲಿ 'ಫಿಸಿಕ್ಸ್ ವಾಲಾ' ಹೆಸರಿನಲ್ಲಿ ಉಚಿತವಾಗಿ ಪಾಠ ಮಾಡಿದರು. ಶುಲ್ಕದ ಕೋರ್ಸಿನ ಆ್ಯಪ್ ಬಂದದ್ದು 2020ರಲ್ಲಿ. ನಾಲ್ಕು ವರ್ಷ ಪುಕ್ಕಟೆಯಾಗಿ ಪಾಠ ಹೇಳಿ ಗಳಿಸಿದ ನಂಬಿಕೆಯೇ ಅವರ ಬಂಡವಾಳ. ಸಂಸ್ಥೆ 2025ರ ನವೆಂಬರ್‌ನಲ್ಲಿ ಷೇರುಪೇಟೆ ಸೇರಿತು. ಬೆಂಗಳೂರಿನಲ್ಲೇ ಬೆಳೆದ ಬೈಜೂಸ್‌ನ ಕಥೆ ಬೇರೆ. ಕೇರಳದಿಂದ ಬಂದ ಒಬ್ಬ ಉತ್ತಮ ಶಿಕ್ಷಕರ ತರಗತಿಗಳಿಂದ ಹುಟ್ಟಿದ ಆ ಸಂಸ್ಥೆಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. 2024ರ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭಿಸಲು ಆದೇಶಿಸಿತು.

ಸಣ್ಣದಾಗಿ ಶುರು ಮಾಡುವವರು ತಿಳಿದಿರಬೇಕಾದ ಕೆಲವು ನಿಯಮಗಳಿವೆ. ಶಾಲಾ ಶಿಕ್ಷಕರು ಖಾಸಗಿ ಪಾಠದಲ್ಲಿ ತೊಡಗುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ನಿಷೇಧಿಸುತ್ತದೆ, ಆದ್ದರಿಂದ ಇದು ಕೆಲಸದಲ್ಲಿರುವ ಮೇಷ್ಟ್ರುಗಳ ಉಪಕಸುಬಲ್ಲ. ಪಠ್ಯಪುಸ್ತಕದ ಚಿತ್ರಗಳನ್ನು ಹಾಗೆಯೇ ಎತ್ತಿ ಬಳಸುವಂತಿಲ್ಲ, ಕೈಯಲ್ಲೇ ಬರೆದುಕೊಳ್ಳಬೇಕು, ಮಕ್ಕಳಿಗೂ ಅದೇ ಇಷ್ಟ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಆಗ ಶುಲ್ಕದ ಮೇಲೆ ನೂರಕ್ಕೆ 18 ತೆರಿಗೆ.

ಪಾಲಕರಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಹೊರಡಿಸಿದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಡಬೇಡಿ, ಕಂತಿನ ಹೆಸರಿನಲ್ಲಿ ಸಾಲದ ಪತ್ರಕ್ಕೆ ಅರಿಯದೆ ಸಹಿ ಬೀಳದಂತೆ ನೋಡಿಕೊಳ್ಳಿ ಎಂಬುದು ಅದರ ಮುಖ್ಯ ಮಾತು. ತರಬೇತಿ ಸಂಸ್ಥೆಗಳು ಖಚಿತ ರ‍್ಯಾಂಕ್, ಖಚಿತ ಆಯ್ಕೆ ಎಂದು ಜಾಹೀರಾತು ಕೊಡುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ತಡೆದಿದೆ. ಹಣ ಕಟ್ಟುವ ಮುನ್ನ ತಂದೆ ತಾಯಿಗಳು ಕೇಳಬೇಕಾದದ್ದು ಎಷ್ಟು ಗಂಟೆಯ ವಿಡಿಯೊ ಇದೆ ಎಂದಲ್ಲ. ಮಗು ಬರೆದದ್ದನ್ನು ಯಾರು ನೋಡುತ್ತಾರೆ, ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ, ಮೂರನೆಯ ವಾರ ಮಗು ಉತ್ತರ ಕಳುಹಿಸದಿದ್ದರೆ ಮನೆಗೆ ಫೋನ್ ಬರುತ್ತದೆಯೇ, ನಡುವೆ ಬಿಟ್ಟರೆ ಹಣ ವಾಪಸು ಉಂಟೇ ಎಂದು ವಿಚಾರಿಸಬೇಕು. ಹಿಂದಿನ ತಂಡದಲ್ಲಿ ತಿದ್ದಿದ ಒಂದು ಉತ್ತರಪತ್ರಿಕೆಯನ್ನು ವಿದ್ಯಾರ್ಥಿಯ ಹೆಸರು ಮರೆಮಾಡಿ ತೋರಿಸಿ ಎಂದೂ ಕೇಳಬಹುದು. ಅದರಲ್ಲಿ ಬರೀ ಸರಿ, ತಪ್ಪು ಗುರುತುಗಳಿವೆಯೋ ಅಥವಾ ಲೆಕ್ಕ ಎಲ್ಲಿ ದಾರಿ ತಪ್ಪಿತು ಎಂದು ಒಂದು ಸಾಲಾದರೂ ಬರೆದಿದೆಯೋ ನೋಡಿದರೆ ತಿಳಿಯುತ್ತದೆ.